ಅರಿಶಿನದ ಬಟ್ಟೆಯಲ್ಲಿ ಇನ್ಶೂರೆನ್ಸ್ ದುಡ್ಡು

ನನ್ನ ಸಾಲಕ್ಕೆ ಕಾರಣ ಕೇಳಿದವರಿಗೆಲ್ಲ ನಾನು ಲಾಕ್‌ಡೌನ್ ಅಂತಲೇ ಹೇಳುತ್ತಿದ್ದೆ. ಕೇಳಿದವರು ಪಾಪ ಅಂತ ತಲೆಯಾಡಿಸುತ್ತಿದ್ದರು, ಕೆಲವರು ಕಾಫಿಯನ್ನೂ ಕೊಡಿಸುತ್ತಿದ್ದರು. ಅದು ಅರ್ಧ ನಿಜ. ಆಟೋ ನಿಂತುಹೋದ ಆ ತಿಂಗಳುಗಳಲ್ಲಿ ಆದ ಸಾಲ ಒಂದು ಪಾಲು. ಮಿಕ್ಕಿದ್ದು ಅದಕ್ಕೂ ಮುಂಚಿನಿಂದ ನಾನೇ ವರ್ಷ ವರ್ಷವೂ ಕೂಡಿಸಿಕೊಂಡು ಬಂದದ್ದು.

ಆಟೋದ ಇನ್ಶೂರೆನ್ಸು ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲೇ ಮುಗಿಯುತ್ತದೆ. ಅದರ ಬೆನ್ನಿಗೇ ಎಫ್.ಸಿ., ಅಂದರೆ ಗಾಡಿ ಓಡಿಸುವುದಕ್ಕೆ ಯೋಗ್ಯವಾಗಿದೆ ಎಂದು ಆರ್.ಟಿ.ಓ.ದವರಿಗೆ ತೋರಿಸಿ ಪಡೆಯುವ ಪತ್ರ. ಅದಕ್ಕೆ ಮೊದಲು ಪೇಂಟು, ಬ್ರೇಕು, ಹೊಸ ಟೈರು. ಯುಗಾದಿ ಕಳೆಯುತ್ತಿದ್ದಂತೆ ಮನೆ ಕಂದಾಯ. ಇವು ಯಾವುವೂ ಕದ್ದುಮುಚ್ಚಿ ಬರುವಂಥವಲ್ಲ. ಆದರೂ ಪ್ರತಿ ವರ್ಷ ಅವು ಬಂದಾಗ, ಹೇಳದೆ ಕೇಳದೆ ಬಂದ ನೆಂಟರನ್ನು ಬಾಗಿಲಲ್ಲಿ ಕಂಡವನಂತೆ ಬೆಚ್ಚಿಬೀಳುತ್ತಿದ್ದೆ. ಆಮೇಲೆ ಯಾರ ಹತ್ತಿರವಾದರೂ ಕೈಚಾಚುತ್ತಿದ್ದೆ. ಒಂದು ವರ್ಷ ಫೈನಾನ್ಸಿನವನ ಹತ್ತಿರ, ಇನ್ನೊಂದು ವರ್ಷ ಟೈರಿನ ಅಂಗಡಿಯವನ ಹತ್ತಿರ, ಮತ್ತೊಂದು ವರ್ಷ ಸೊಸೈಟಿಯಲ್ಲಿ. ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ನನಗೆ ಒಳ್ಳೇ ಮಾರ್ಕು ಬರುತ್ತಿತ್ತು. ಅದನ್ನು ಇಲ್ಲಿ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ನನ್ನ ಸ್ಟ್ಯಾಂಡು ಗೋಕುಲಂನಲ್ಲಿ. ಯೋಗ ಕಲಿಯಲು ಬರುವ ವಿದೇಶಿಯರು ಇರುವ ತಿಂಗಳುಗಳಲ್ಲಿ ಕೈತುಂಬ ಬಾಡಿಗೆ. ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದರೆ ಚಿಲ್ಲರೆ ವಾಪಸ್ಸು ಕೇಳುತ್ತಿರಲಿಲ್ಲ. ಆ ದಿನಗಳಲ್ಲಿ ಸ್ಟ್ಯಾಂಡಿನವರಿಗೆಲ್ಲ ದೋಸೆ ಕೊಡಿಸುವವನು ನಾನೇ. ಅವರು ವಿಮಾನ ಹತ್ತಿ ಹೋದ ಮೇಲೆ ಅದೇ ಹೋಟೆಲಿನಲ್ಲಿ ನನ್ನ ಕಾಫಿಗೂ ಲೆಕ್ಕ ಬರೆಸುತ್ತಿದ್ದೆ. ಹುಡುಗು ಬುದ್ಧಿ ಎನ್ನಬಹುದಿತ್ತು, ಆದರೆ ಆಗಲೇ ನನಗೆ ಅರವತ್ತು ದಾಟಿತ್ತು.

ಕೊನೆಗೆ ಫೈನಾನ್ಸಿನವನು ಸ್ಟ್ಯಾಂಡಿಗೇ ಬಂದು ಗಾಡಿಯ ಕೀಲಿ ಕೇಳಿದ ದಿನ ನನ್ನ ಹೆಂಡತಿ ಸೊಸೈಟಿಯ ಸೆಕ್ರೆಟರಿಯ ಹತ್ತಿರ ಹೋಗಿ ಕೂತಳು. ಆತ ಒಳ್ಳೆಯ ಮನುಷ್ಯ. ಎಲ್ಲ ಸಾಲವನ್ನೂ ಸೊಸೈಟಿಯೇ ತೀರಿಸಿ ನಮಗೆ ತಿಂಗಳಿಗೆ ಒಂದೇ ಕಂತು ಮಾಡಿಕೊಡುವ ಏರ್ಪಾಡು ಮಾಡಿದ. ಷರತ್ತು ಎರಡು: ಬೇರೆಲ್ಲೂ ಹೊಸ ಸಾಲ ಮಾಡಕೂಡದು, ಕಂತು ತಪ್ಪಕೂಡದು. ತಪ್ಪಿದರೆ ಜಾಮೀನುದಾರರಿಂದ ವಸೂಲಿ. ಜಾಮೀನು ಹಾಕಿದವಳು ನಮ್ಮಕ್ಕ. ಸರ್ಕಾರಿ ಶಾಲೆಯಲ್ಲಿ ಅಟೆಂಡರ್ ಆಗಿ ನಿವೃತ್ತಿಯಾದವಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಶ್ರೀರಾಂಪುರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ. ಬಾಡಿಗೆ, ಔಷಧಿ, ದೇವರ ದೀಪದ ಎಣ್ಣೆ ಎಲ್ಲವೂ ಅವಳ ಪೆನ್ಷನ್ನಿನಿಂದಲೇ ಆಗಬೇಕು.

ಸಹಿ ಹಾಕುವಾಗ ಅವಳು ನನ್ನ ಮುಖ ನೋಡಿ, “ಲೇ, ನನ್ ಪೆನ್ಷನ್ನಿಗೇನಾದ್ರೂ ಕೈ ಬಿತ್ತು ಅಂದ್ರೆ ಗಂಟುಮೂಟೆ ಕಟ್ಕೊಂಡು ನಿನ್ ಮನೆಗೇ ಬಂದ್ಬುಡ್ತೀನಿ ಕಣ್ಲಾ. ಎರಡು ಹೊತ್ತೂ ಬಿಸಿ ಮುದ್ದೆ ಆಗ್ಬೇಕು ನಂಗೆ” ಅಂದಳು.

ಕಂತು ಎಷ್ಟು ಅಂತ ಗೊತ್ತುಮಾಡುವಾಗ ಸೆಕ್ರೆಟರಿ ನನ್ನನ್ನು ಕೇಳಿದ: “ಯಜಮಾನ್ರೇ, ತಿಂಗಳ ಖರ್ಚೆಲ್ಲ ಹೇಳಿದ್ರಿ. ವರ್ಷಕ್ಕೊಂದ್ಸಲ ಬರೋದು?”

“ಅಂಥದ್ದೇನಿಲ್ಲ ಸಾರ್.”

“ಗಾಡಿ ಇನ್ಶೂರೆನ್ಸು, ಕಂದಾಯ?”

“ಅವೆಲ್ಲ ಹೆಂಗೋ ಆಗ್ತವೆ, ನಂಗ್ ಬುಡಿ. ನೀವು ಇನ್ನೊಂದು ಸಾವಿರ ಜಾಸ್ತಿನೇ ಹಾಕಿ. ಬೇಗ ತೀರೋಗ್ಲಿ.”

ಹೆಂಡತಿ ಪಕ್ಕದಿಂದ ನನ್ನ ತೊಡೆ ಚಿವುಟಿದಳು. ನಾನು ಕಾಲು ಆಚೆಗೆ ಸರಿಸಿಕೊಂಡೆ. ಸಾಲಗಾರನಾಗಿ ಕೂತಿದ್ದರೂ ಗತ್ತು ಬಿಡಬಾರದು ಅನ್ನಿಸಿತ್ತು. ಆ ಜಾಸ್ತಿ ಸಾವಿರವೇ ವರ್ಷದ ಖರ್ಚಿಗೆ ಎತ್ತಿಡಬೇಕಾಗಿದ್ದ ದುಡ್ಡು ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಅಲ್ಲಿಂದ ಮುಂದೆ ಹೆಂಡತಿಯ ಕಷ್ಟ ಶುರುವಾಯಿತು. ಗಾಡಿಯಲ್ಲಿ ಅಂಟಿಸಿದ್ದ ಸ್ಕ್ಯಾನಿಗೆ ಬಂದ ದುಡ್ಡು ಅವಳ ಖಾತೆಗೆ ಹೋಗಿ ಕಂತಿಗೆ ಸರಿಹೋಗುತ್ತಿತ್ತು. ಕೈಗೆ ಬಂದ ನೋಟುಗಳಲ್ಲಿ ಗ್ಯಾಸು, ಅಕ್ಕಿ, ತರಕಾರಿ ಕಳೆದು ಮಿಕ್ಕಿದ್ದನ್ನು ಅವಳು ವರ್ಷದ ಖರ್ಚಿಗೆ ಅಂತ ರಾಗಿ ಡಬ್ಬದಲ್ಲಿ ಅಡಗಿಸಿಟ್ಟಳು. ನನ್ನ ಕೈಗೆ ಅಂಥ ಜಾಗಗಳು ತಾವಾಗಿಯೇ ಸಿಗುತ್ತವೆ. ಆ ವರ್ಷದ ಆಯುಧಪೂಜೆಗೆ ನನ್ನ ಗಾಡಿಗೆ ಹಾಕಿಸಿದ ಹೂವಿನ ಹಾರ ಇಡೀ ಸ್ಟ್ಯಾಂಡಿನಲ್ಲೇ ದೊಡ್ಡದು. ಬಾಳೆಕಂದು, ಬೂದುಗುಂಬಳ, ಬಂದವರಿಗೆಲ್ಲ ಸ್ವೀಟು. “ಅಣ್ಣಂದೇ ಜಬರ್ದಸ್ತು” ಅಂದರು ಎಲ್ಲರೂ. ಶಿವರಾತ್ರಿ ಬಂದಾಗ ಡಬ್ಬದಲ್ಲಿ ರಾಗಿ ಮಾತ್ರ ಇತ್ತು. ಹೆಂಡತಿ ತನ್ನ ಕಿವಿಯ ಓಲೆ ಗಿರವಿ ಇಟ್ಟು ಇನ್ಶೂರೆನ್ಸು ಕಟ್ಟಿದಳು. ಹೊಸ ಸಾಲ ಕೂಡದು ಎಂಬ ಷರತ್ತು ಅಲ್ಲಿಗೆ ಸದ್ದಿಲ್ಲದೆ ಮುರಿಯಿತು. ಅವಳು ಹೆಚ್ಚು ಬೈಯಲಿಲ್ಲ. ಓಲೆ ಇಲ್ಲದ ಕಿವಿಗೆ ಕಡ್ಡಿ ಚುಚ್ಚಿಕೊಂಡು ಓಡಾಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಓಲೆ ಬಿಡಿಸಿಕೊಂಡ ಮೇಲೆ ಅವಳು ಒಂದು ಉಪಾಯ ಮಾಡಿದಳು. ನಮ್ಮ ಮನೆಯಲ್ಲಿ ಕಷ್ಟ ಬಂದಾಗ ದೇವರಿಗೆ ಅಂತ ದುಡ್ಡನ್ನು ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿ ತೆಗೆದಿಡುವುದುಂಟು. ಅದು ಮುಡಿಪು. ಕಟ್ಟಿದ ಮೇಲೆ, ಮನೆಯವರು ಹಸಿದಿದ್ದರೂ ಅದನ್ನು ಮುಟ್ಟುವುದಿಲ್ಲ. ಅವಳು ಒಂದು ದೊಡ್ಡ ಅರಿಶಿನದ ಬಟ್ಟೆ ಮಾಡಿಕೊಂಡು, ನಂಜುಂಡೇಶ್ವರನ ಪಟದ ಮುಂದೆ ಇಟ್ಟು, ದಿನಾ ಸಂಜೆ ನಾನು ಕೊಟ್ಟ ದುಡ್ಡಿನಲ್ಲಿ ಮನೆಖರ್ಚು ಕಳೆದು ಮಿಕ್ಕಿದ್ದನ್ನು ಅದರಲ್ಲಿ ಹಾಕಿ ಗಂಟು ಬಿಗಿಯತೊಡಗಿದಳು. ಊದುಬತ್ತಿ ಹಚ್ಚಿದಾಗ ಅದಕ್ಕೂ ಒಂದು ಸುತ್ತು.

“ಇದೇನೇ, ಎಷ್ಟು ದೊಡ್ಡ ಹರಕೆ ನಿಂದು?” ಅಂದೆ.

“ಇನ್ಶೂರೆನ್ಸಿಂದು. ಇನ್ಮೇಲೆ ಅವನುಂಟು, ನೀವುಂಟು” ಅಂದಳು ಪಟದ ಕಡೆ ತೋರಿಸಿ.

ಇದು ಕೆಲಸ ಮಾಡಿತು. ನಾನು ದೇವರಿಗೆ ಅಷ್ಟಾಗಿ ನಡೆದುಕೊಳ್ಳುವವನಲ್ಲ, ಆದರೆ ಹೆದರುವವನು. ಗಂಟು ದಪ್ಪವಾಗುತ್ತಾ ಹೋಯಿತು. ಸಂಜೆ ಗಾಡಿ ನಿಲ್ಲಿಸಿ ಬಂದವನೇ ಅದನ್ನೊಮ್ಮೆ ನೋಡುವುದು ಅಭ್ಯಾಸವಾಯಿತು. ನಮ್ಮ ಮನೆಯಲ್ಲಿ ಯಾವತ್ತಾದರೂ ಒಂದು ವಸ್ತು ಬೆಳೆಯುವುದನ್ನು ಕಂಡಿದ್ದರೆ ಅದು ಆ ಗಂಟು. ನನಗೇ ಒಂಥರಾ ಹೆಮ್ಮೆ, ಎತ್ತಿಟ್ಟವಳು ಅವಳಾದರೂ.

ಆಮೇಲೆ ನವೆಂಬರ್ ಬಂತು. ಆಟೋ ಸ್ಟ್ಯಾಂಡಿನಲ್ಲಿ ರಾಜ್ಯೋತ್ಸವ ಎಂದರೆ ಏನು ಅಂತ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಾವುಟ, ತಾಯಿ ಭುವನೇಶ್ವರಿಯ ಪಟ, ಆರ್ಕೆಸ್ಟ್ರಾ, ಕೇಸರಿಬಾತು. ಮುಖ್ಯವಾಗಿ ಮೈಕು. ಚಂದಾ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ನೂರು ಕೊಟ್ಟರೆ ಹತ್ತು ಹೆಸರಿನ ಜೊತೆ ಒಂದೇ ಉಸಿರಿಗೆ ಸೇರಿಸಿ ಕೂಗುತ್ತಾರೆ. ಐನೂರು ಕೊಟ್ಟರೆ ಬೇರೆಯಾಗಿ, “ನಮ್ಮ ಸ್ಟ್ಯಾಂಡಿನ ಹಿರಿಯರು” ಅಂತ ಸೇರಿಸಿ. ಹಿಂದಿನ ವರ್ಷಗಳಲ್ಲೆಲ್ಲ ನನ್ನ ಹೆಸರು ಬೇರೆಯಾಗಿಯೇ ಕೇಳಿಬಂದಿತ್ತು.

ಹೆಂಡತಿ ಹಾಲಿಗೆ ಹೋಗಿದ್ದಾಗ ದೇವರ ಗೂಡಿನ ಮುಂದೆ ನಿಂತೆ. ಗಂಟು ಬಿಚ್ಚಿದೆ. ಒಂದು ಐನೂರರ ನೋಟು ಎಳೆದುಕೊಂಡೆ. ‘ಅವನು ನೋಡ್ತಾ ಇದಾನೆ’ ಅಂತ ಮನಸ್ಸಿಗೆ ಬಂತು. ಸರಿಯಾಗಿ ಅದೇ ಹೊತ್ತಿಗೆ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದರೆ ಅಂದುಕೊಂಡದ್ದು ದಿಟ ಅಂತ ನಮ್ಮ ಕಡೆ ನಂಬಿಕೆ. ನಾನು ಗಂಟು ಬಿಗಿದು, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಓಡಿದೆ. ಸಂಜೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಮೈಕು ಕೆಟ್ಟಿತ್ತು. ಹೆಸರಿನ ಬದಲು ಬರೀ ಕುಂಯ್ ಅನ್ನುವ ಸದ್ದು ಕೇಳಿಸಿತು.

ಅದೇ ವಾರದಲ್ಲಿ, ಊರಿಗೆ ಹೊರಟ ಒಬ್ಬ ವಿದೇಶಿ ಹೆಂಗಸಿನ ಸಾಮಾನನ್ನೆಲ್ಲ ರೈಲ್ವೆ ಸ್ಟೇಷನ್ನಿಗೆ ಸಾಗಿಸಿ, ಆಕೆ ಕೊಟ್ಟ ಭಕ್ಷೀಸಿನಿಂದ ಐನೂರನ್ನು ವಾಪಸ್ಸು ಗಂಟಿಗೆ ಸೇರಿಸಿದೆ. ಲೆಕ್ಕ ಸರಿಹೋಯಿತು. ಯಾರಿಗೂ ತಿಳಿಯಲಿಲ್ಲ. ಸಾಯುವವರೆಗೂ ಹೇಳಬಾರದು ಅಂತ ತೀರ್ಮಾನಿಸಿಕೊಂಡೆ. ಯಾಕೆಂದರೆ ಅಷ್ಟರಲ್ಲಿ ಹೆಂಡತಿ ನನ್ನನ್ನು ನಂಬಲು ಶುರುಮಾಡಿದ್ದಳು. ಅಕ್ಕಪಕ್ಕದವರ ಮುಂದೆ, “ನಮ್ಮನೆಯೋರು ಈಗ ಸುಧಾರಿಸಿದಾರೆ ಕಣ್ರೀ” ಅನ್ನುವುದು ನನ್ನ ಕಿವಿಗೇ ಬಿದ್ದಿತ್ತು. ಮದುವೆಯಾದ ಮೇಲೆ ಅಂಥ ಮಾತು ಕೇಳಿದ್ದು ಅದೇ ಮೊದಲು.

ಶಿವರಾತ್ರಿ ಹತ್ತಿರ ಬಂತು. ಇನ್ಶೂರೆನ್ಸು ಮುಗಿಯುವುದಕ್ಕೆ ಒಂದು ವಾರವಿದೆ ಎನ್ನುವಾಗ ಹೆಂಡತಿ ತಲೆಗೆ ನೀರೆರೆದುಕೊಂಡು ಬಂದು, ಗಂಟನ್ನು ಚಾಪೆಯ ಮೇಲಿಟ್ಟು ಬಿಚ್ಚಲು ಕೂತಳು. ನಾನು ಎದುರಿಗೆ ಕೂತೆ. ಆಗಲೇ ಅಕ್ಕ ಕರಿಬೇವು ಕೇಳಲು ಬಂದಳು.

“ಇದೇನು, ಮುಡಿಪು ಬಿಚ್ತಾ ಇದೀರಿ? ನಂಜನಗೂಡಿಗೆ ಹೊರಟ್ರಾ?”

“ಇಲ್ಲ ಅಕ್ಕ, ಗಾಡಿ ಇನ್ಶೂರೆನ್ಸು ಕಟ್ಬೇಕಲ್ಲ.”

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. “ಏನಂದೆ? ಮುಡಿಪಿನ ದುಡ್ಡಲ್ಲಿ ಇನ್ಶೂರೆನ್ಸಾ? ತಲೆ ನೆಟ್ಟಗಿದೆಯೇನಮ್ಮಿ?”

“ಅಯ್ಯೋ, ಅದು ಹರಕೆಯಲ್ಲ ಅಕ್ಕ. ಇವರ ಕೈ ತಡೀಲಿ ಅಂತ ಕಟ್ಟಿದ್ದು.”

“ಅರಿಶಿನದ ಬಟ್ಟೆ ತಾನೇ? ಅವನ ಮುಂದೆ ತಾನೇ ಇಟ್ಟಿದ್ದು? ವರ್ಷಪೂರ್ತಿ ಊದುಬತ್ತಿ ಬೆಳಗಿದ್ಯೋ ಇಲ್ವೋ?”

“ಬೆಳಗಿದೀನಿ...”

“ಇನ್ನೇನಮ್ಮಿ ಉಳೀತು? ಅದು ಅವಂದಾಗೋಯ್ತು. ಕಟ್ಟೋವಾಗ ದೇವರು, ಬಿಚ್ಚೋವಾಗ ಇನ್ಶೂರೆನ್ಸು ಅಂದ್ರೆ ಅವನೇನು ನಿಮ್ಮನೆ ವಾಚ್‌ಮನ್ನಾ?”

ಹೆಂಡತಿಯ ಕೈ ಗಂಟಿನ ಮೇಲಿಂದ ತಾನಾಗಿಯೇ ಜಾರಿತು. ಹೀಗೂ ಆಗಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ. ನನ್ನನ್ನು ತಡೆದ ಭಯವೇ ಈಗ ನಮ್ಮಿಬ್ಬರನ್ನೂ ತಡೆದಿತ್ತು.

ನಾನು ಅಕ್ಕನಿಗೆ ಬಿಡಿಸಿ ಹೇಳಿದೆ. ಈ ದುಡ್ಡಿಲ್ಲದಿದ್ದರೆ ಇನ್ಶೂರೆನ್ಸಿಲ್ಲ. ಇನ್ಶೂರೆನ್ಸಿಲ್ಲದೆ ಎಫ್.ಸಿ. ಆಗುವುದಿಲ್ಲ. ಗಾಡಿ ಮನೆಮುಂದೆ ನಿಂತರೆ ಕಂತು ತಪ್ಪುತ್ತದೆ. ಕಂತು ತಪ್ಪಿದರೆ ಹಿಡಿಯುವುದು ಅವಳ ಪೆನ್ಷನ್ನನ್ನೇ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಹೋದ್ರೆ ಹೋಗ್ಲಿ ಬುಡು. ಮುದ್ದೆ ತಿನ್ನೋಕೆ ಬಂದ್ಬುಡ್ತೀನಿ. ಅವನ ದುಡ್ಡು ಮಾತ್ರ ಬೇಡ. ಸೋಮವಾರ ಹೋಗಿ ಹುಂಡಿಗೆ ಹಾಕಿ ಬರೋಣ” ಅಂದಳು. ನಗುತ್ತಲೇ ಅಂದಳು, ಆದರೆ ಕರಿಬೇವು ಮರೆತು ಹೊರಟುಹೋದಳು.

ನನ್ನ ಆಟೋಗೆ ನಂಜನಗೂಡಿನವರೆಗೆ ಪರ್ಮಿಟ್ ಇಲ್ಲ, ಸೋಮವಾರ ಬೆಳಿಗ್ಗೆ ನಾವು ಮೂವರೂ ಬಸ್ಸು ಹತ್ತಿದೆವು. ಗಂಟು ಅಕ್ಕನ ಮಡಿಲಲ್ಲಿ, ಸೆರಗಿನ ಮರೆಯಲ್ಲಿ. ಹೆಂಡತಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಆಗಾಗ ಅವಳ ಕೈ ಕಿವಿಯ ಓಲೆಯ ಹತ್ತಿರ ಹೋಗುತ್ತಿತ್ತು. ಅದನ್ನು ಮತ್ತೆ ಗಿರವಿ ಇಡುವ ಯೋಚನೆ ನಡೆದಿದೆ ಎಂದು ನನಗೆ ಗೊತ್ತಾಯಿತು. ಕಡಕೊಳದಲ್ಲಿ ಫ್ಯಾಕ್ಟರಿಯವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ನನ್ನೊಳಗೆ ಮಾತ್ರ ಒಂದೇ ಮಾತು ಗಿರಗಿರ ತಿರುಗುತ್ತಿತ್ತು. ಆ ಗಂಟು ಮುಡಿಪಾಗಿ ಉಳಿದಿಲ್ಲ. ನವೆಂಬರಿನಲ್ಲೇ ಅದು ಕೆಟ್ಟಿದೆ, ಕೆಡಿಸಿದವನು ನಾನು. ಇದನ್ನು ಹೇಳಿಬಿಟ್ಟರೆ ದುಡ್ಡು ಉಳಿಯಬಹುದು, ಅಕ್ಕನ ಪೆನ್ಷನ್ನೂ ಉಳಿಯಬಹುದು. ಆದರೆ ‘ಸುಧಾರಿಸಿದಾರೆ’ ಅನ್ನುವ ಮಾತು ಅಲ್ಲಿಗೆ ಮುಗಿಯುತ್ತದೆ.

ಕಪಿಲೆಯ ಸೋಪಾನಕಟ್ಟೆಯ ಮೇಲೆ ಕಾಲು ತೊಳೆಯುವಾಗ ಅಕ್ಕ ಗಂಟನ್ನು ಕಣ್ಣಿಗೊತ್ತಿಕೊಂಡು ಎದ್ದು ನಿಂತಳು. ಇನ್ನು ತಡಮಾಡಿದರೆ ಆಗುವುದಿಲ್ಲ ಅನ್ನಿಸಿತು.

“ಅಕ್ಕ, ಅದನ್ನ ಕೊಡಬೇಡ. ಅದು ಎಂಜಲಾಗಿದೆ” ಅಂದೆ.

“ಎಂಜಲಾ?”

“ರಾಜ್ಯೋತ್ಸವಕ್ಕೆ ಅದರಿಂದ ಐನೂರು ತೆಗೆದಿದ್ದೆ. ಆಮೇಲೆ ಹಾಕ್ಬುಟ್ಟೆ. ಆದ್ರೂ ತೆಗೆದಿದ್ದು ತೆಗೆದಿದ್ದೇ.”

ಇಬ್ಬರೂ ನನ್ನನ್ನೇ ನೋಡಿದರು. ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಗಸು ಕೂಡ ಹಿಂಡುವುದನ್ನು ನಿಲ್ಲಿಸಿದಳು.

“ಮೈಕಿಗಾ?” ಅಂದಳು ಹೆಂಡತಿ.

“ಹ್ಞೂಂ.”

“ಕೂಗಿದ್ರಾ?”

“ಮೈಕ್ ಕೆಟ್ಟೋಗಿತ್ತು.”

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ಹತ್ತಿರ ಹೋದೆ. ಅಳುವೂ ಇತ್ತು, ಆದರೆ ನಗು ಅದನ್ನು ದಾಟಿಕೊಂಡು ಬರುತ್ತಿತ್ತು. “ಥೂ ನಿಮ್ಮ! ಕದ್ದಿದ್ದೂ ದಕ್ಕಲಿಲ್ಲ ನಿಮಗೆ” ಅಂದಳು. ಆಮೇಲೆ ನಗು ನಿಂತಿತು. “ಅಕ್ಕಪಕ್ಕದಲ್ಲೆಲ್ಲ ಹೇಳ್ಕೊಂಡು ತಿರುಗಿದ್ನಲ್ಲ ನಾನು” ಎಂದು ಮೆಲ್ಲಗೆ ಹೇಳಿದಳು.

ಅಕ್ಕ ಮಾತ್ರ ನ್ಯಾಯಾಧೀಶರ ಹಾಗೆ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. “ಎಂಜಲು ಅವನಿಗೆ ಬರಲ್ಲ. ಕೊಟ್ರೆ ಇನ್ನೂ ದೋಷ. ಈ ದುಡ್ಡು ನೀವೇ ಇಟ್ಕೊಳಿ. ಆದ್ರೆ ತಪ್ಪುಕಾಣಿಕೆ ಹಾಕ್ಬೇಕು. ಸಾವಿರ.”

“ಸಾವಿರ ಹಾಕಿದ್ರೆ ಎಫ್.ಸಿ.ಗೆ ಸಾಲಲ್ಲ ಅಕ್ಕ” ಅಂದಳು ಹೆಂಡತಿ. ಅವಳ ಲೆಕ್ಕ ಯಾವಾಗಲೂ ಬಾಯಲ್ಲೇ.

“ಹಂಗಾದ್ರೆ ಐನೂರ ಒಂದು. ಮಿಕ್ಕಿದ್ದಕ್ಕೆ ಇವನು ತಲೆ ಕೊಡ್ಲಿ.”

“ತಲೇನಾ?”

“ಮುಡಿ ಕಣ್ಲಾ, ಮುಡಿ. ಹೆಂಗೂ ಬಣ್ಣಕ್ಕೆ ತಿಂಗಳು ತಿಂಗಳು ದುಡ್ಡು ಸುರೀತೀಯ. ಅದೂ ಉಳೀತದೆ.”

ನನ್ನ ತಲೆಯಲ್ಲಿ ಆ ವಯಸ್ಸಿಗೂ ದಟ್ಟ ಕೂದಲಿತ್ತು, ಕಪ್ಪು ಬಣ್ಣ ಹಚ್ಚಿ ಹಿಂದಕ್ಕೆ ಬಾಚುತ್ತಿದ್ದೆ. ಮುಡಿ ತೆಗೆಯುವವನು ನೀರು ತಟ್ಟಿ, “ಮೇಲೆ ಕರಿದು, ಬುಡದಲ್ಲಿ ಬಿಳೀದು. ಯಾವುದು ಸ್ವಾಮಿ ದೇವರಿಗೆ?” ಅಂತ ಕೇಳಿದ. ಹೆಂಡತಿಯೇ ಉತ್ತರ ಕೊಟ್ಟಳು: “ಎರಡೂ ತೆಗೀರಿ. ಒಳಗೊಂದು ಹೊರಗೊಂದು ಇರೋದೇ ಬೇಡ.” ಆವತ್ತು ಅವಳಾಡಿದ ಮಾತುಗಳಲ್ಲಿ ನನಗೆ ನೆಟ್ಟಗೆ ನಾಟಿದ್ದು ಅದೇ.

ಮಾರನೆಯ ದಿನ ಬೋಳುತಲೆಗೆ ಗಂಧ ಬಳಿದುಕೊಂಡೇ ಇನ್ಶೂರೆನ್ಸು ಕಟ್ಟಿದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಗಂಭೀರವಾಗಿ, “ಯಾರಣ್ಣ ಹೋಗಿದ್ದು?” ಅಂತ ವಿಚಾರಿಸಿದರು. ಯಾರೂ ಇಲ್ಲ, ಹರಕೆ ಅಂದೆ. ಅದೂ ಸುಳ್ಳಾಯಿತಲ್ಲ ಅನ್ನಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಕ್ಕ ಸದ್ದಿಗೆ ಎದುರಿನ ಯೋಗಶಾಲೆಯವರು ಕಿಟಕಿ ಮುಚ್ಚಿಕೊಂಡರು.

ಆದರೆ ನಿಜವಾದ ತಪ್ಪು ಐನೂರರದ್ದಲ್ಲ, ಅವತ್ತು ಸೊಸೈಟಿಯಲ್ಲಿ ಆಡಿದ ಸುಳ್ಳು. ಅದಕ್ಕೆ ಎಷ್ಟು ಗಂಟು ಕಟ್ಟಿದರೂ ಸಾಲದು. ಎಫ್.ಸಿ. ಆದ ಮೇಲೆ ಸೆಕ್ರೆಟರಿಯ ಹತ್ತಿರ ಹೋಗಿ, ವರ್ಷದ ಖರ್ಚುಗಳನ್ನು ಮುಚ್ಚಿಟ್ಟಿದ್ದೆ ಎಂದು ಹೇಳಿದೆ. ಗಿರವಿಯ ವಿಷಯವನ್ನೂ ಹೇಳಿದೆ. ಆತ ಕನ್ನಡಕ ತೆಗೆದು ನನ್ನ ತಲೆ ನೋಡಿದ. “ಅವತ್ತೇ ಹೇಳಿದ್ರೆ ಕೂದಲಾದ್ರೂ ಉಳೀತಿತ್ತಲ್ಲ ಯಜಮಾನ್ರೇ” ಅಂದ. ಕಂತು ಒಂದು ಸಾವಿರ ಇಳಿಸಬಹುದು, ಆ ಸಾವಿರವನ್ನು ಅಲ್ಲೇ ಬೇರೆ ಖಾತೆಗೆ ತಿಂಗಳು ತಿಂಗಳು ಕಟ್ಟಿದರೆ ಇನ್ಶೂರೆನ್ಸಿನ ಹೊತ್ತಿಗೆ ಒಟ್ಟಿಗೆ ಕೈಗೆ ಬರುತ್ತದೆ ಅಂದ. ಆದರೆ ಸಾಲ ತೀರುವುದು ತಡವಾಗುತ್ತದೆ. ಅಷ್ಟು ದಿನವೂ ಅಕ್ಕನ ಜಾಮೀನು ಮುಂದುವರಿಯಬೇಕು. ಅವಳು ಹೊಸದಾಗಿ ಸಹಿ ಹಾಕದಿದ್ದರೆ ಇದು ಆಗುವುದಿಲ್ಲ.

ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಹೆಂಡತಿಯೇ ಹೋಗಿ ಕೇಳಿದಳು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ಗಾಡಿಯಲ್ಲಿ ಕೂತು, “ನಡೀಲಾ ಸೊಸೈಟಿಗೆ” ಅಂದಳು.

ಅಲ್ಲಿ ಸೆಕ್ರೆಟರಿಗೆ ಸುಮಾರು ಪ್ರಶ್ನೆ ಕೇಳಿದಳು. ಬೇರೆ ಖಾತೆಯ ದುಡ್ಡನ್ನು ಇವನೊಬ್ಬನೇ ಬಂದರೆ ಕೊಡುತ್ತೀರಾ ಎಂದಳು. ಇಲ್ಲ, ಹೆಂಡತಿಯ ಸಹಿಯೂ ಬೇಕು ಅಂದಾಗ ಪೆನ್ನು ತೆಗೆದುಕೊಂಡಳು. ಸಹಿ ಹಾಕಿ, ಇನ್ನೊಂದು ಸಲ ಓದಿಸಿಕೊಂಡಳು.

ವಾಪಸ್ಸು ಹೊರಟಾಗ, “ಅಕ್ಕ, ನಿನ್ನ ಋಣ ಹೆಂಗೆ ತೀರಿಸ್ಲಿ” ಅಂತ ನಾನು ಶುರುಮಾಡಿದೆ.

“ಮೀಟರ್ ಹಾಕು” ಅಂದಳು ಅವಳು.

“ಅಯ್ಯೋ, ನಿನ್ ಹತ್ರ ದುಡ್ಡು ತಗೋತೀನಾ?”

“ಹಾಕ್ಲಾ ಅಂದ್ರೆ. ನೀನು ಸಿಕ್ಕಸಿಕ್ಕೋರನ್ನ ಪುಕ್ಕಟೆ ಕರ್ಕೊಂಡೋದ್ರೆ ಕಂತು ಕಟ್ಟೋರು ಯಾರು? ನಾನೇ ತಾನೇ?”

ಮೀಟರ್ ಹಾಕಿದೆ. ಶ್ರೀರಾಂಪುರ ಬರುವವರೆಗೂ ಅವಳು ಮುಂದಕ್ಕೆ ಬಗ್ಗಿ ಅದನ್ನೇ ನೋಡುತ್ತಿದ್ದಳು, ಅಂಕಿ ಬದಲಾದಾಗಲೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ನಮ್ಮ ಮನೆಯ ಮುಂದೆಯೇ ಇಳಿದು ಸರಿಯಾಗಿ ಎಣಿಸಿ ಕೊಟ್ಟಳು. ನನ್ನ ಕೈಗಲ್ಲ, ಬಾಗಿಲಿಗೆ ಬಂದಿದ್ದ ನನ್ನ ಹೆಂಡತಿಯ ಕೈಗೆ.